ಚಿತ್ರ ಬಂತು, ರಿಪೋರ್ಟ್ ಎಲ್ಲಿ?

'ರಿಪೋರ್ಟ್ ಆಂಡಾ?' ರಿಪೋರ್ಟ್ ಆಯಿತಾ ಎಂದು ತುಳುವಿನಲ್ಲಿ. ನಮ್ಮ ರೇಡಿಯಾಲಜಿ ವಿಭಾಗದ ಕಿಟಕಿಯಲ್ಲಿ ದಿನಕ್ಕೆ ಎಷ್ಟು ಸಲ ಈ ಪ್ರಶ್ನೆ ಬರುತ್ತದೋ ಲೆಕ್ಕವಿಲ್ಲ. ಮೊನ್ನೆ ಕಾರ್ಕಳ ಕಡೆಯ ಹುಡುಗನೊಬ್ಬ ಅಜ್ಜನ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ ಕೇಳಿದ: 'ಸ್ಕ್ಯಾನ್ ಆದದ್ದು ಐದೇ ನಿಮಿಷದಲ್ಲಿ. ನಿಮ್ಮ ಕಂಪ್ಯೂಟರಿನಲ್ಲಿ ಆಗಲೇ ಕಾಣ್ತಾ ಉಂಟಲ್ಲ ಡಾಕ್ಟ್ರೇ, ಮತ್ತೆ ಕಾಯುವುದು ಯಾಕೆ?'

ನ್ಯಾಯವಾದ ಪ್ರಶ್ನೆಯೇ.

ನಾನು ಕೆಲಸ ಕಲಿತದ್ದು ಫಿಲ್ಮಿನ ಕಾಲದಲ್ಲಿ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿಯಲ್ಲಿದ್ದರೆ ಫಿಲ್ಮಿಗೆ ಸುಮಾರು 5 ನಿಮಿಷ. ಮಂಗಳೂರಿನ ಎಪ್ರಿಲ್‌ನಲ್ಲಿ 20 ಡಿಗ್ರಿ ಎಲ್ಲಿಂದ ಬರಬೇಕು? ತೊಟ್ಟಿಯ ಸುತ್ತ ಐಸ್ ಇಡುತ್ತಿದ್ದರು. ಆಮೇಲೆ ಫಿಕ್ಸರ್, ತೊಳೆಯುವುದು, ಒಣಗಿಸುವುದು. ಆಟಿಯ ಮಳೆಯಲ್ಲಿ ಫಿಲ್ಮ್ ಒಣಗುವುದೂ ಮನೆಯ ಬಟ್ಟೆ ಒಣಗುವುದೂ ಒಂದೇ ಕಥೆ. ಹಳೆಯ ಫಿಲ್ಮ್ ಬೇಕೆಂದರೆ ಅಟೆಂಡರ್ ರೆಕಾರ್ಡ್ ರೂಮಿಗೆ ಹೋಗಬೇಕು. ಅದು ಆಗಲೇ ಆರ್ಥೋ ವಾರ್ಡಿನ ಯಾವುದೋ ಮೇಜಿನ ಮೇಲೆ ಕೂತಿರುತ್ತಿತ್ತು.

ಪ್ಯಾಕ್ಸ್, ಅಂದರೆ ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಕೂಡಿಟ್ಟು ತೋರಿಸುವ ವ್ಯವಸ್ಥೆ, ಬಂದ ಮೇಲೆ ಈ ಓಡಾಟವೆಲ್ಲ ನಿಂತಿತು. ಚಿತ್ರ ಮೆಷಿನಿನಿಂದ ನೇರ ಸರ್ವರಿಗೆ, ಅಲ್ಲಿಂದ ನನ್ನ ಪರದೆಗೆ. ಬೇರೆ ಬೇರೆ ಕಂಪನಿಗಳ ಮೆಷಿನುಗಳು ಒಂದೇ ಭಾಷೆಯಲ್ಲಿ ಮಾತಾಡುವಂತೆ ಮಾಡಿದ್ದು ಡೈಕಾಮ್ ಎಂಬ ಮಾನದಂಡ. ಆ ಹೆಸರಿನಲ್ಲಿ ಅದು ಬಂದದ್ದು 1993ರಲ್ಲಿ. ಫಿಲ್ಮ್ ಕಳೆಯುವುದಿಲ್ಲ, ವಾರ್ಡಿನಲ್ಲೂ ನನ್ನ ಕೋಣೆಯಲ್ಲೂ ಒಟ್ಟಿಗೇ ನೋಡಬಹುದು. ಇಷ್ಟರ ಮಟ್ಟಿಗೆ ವೇಗ ನಿಜ.

ಆದರೆ ಮೊದಲು ತಲೆಯ ಸಿಟಿ ಎಂದರೆ ಒಂದೆರಡು ಫಿಲ್ಮಿನಲ್ಲಿ ಇಪ್ಪತ್ತು ಚಿಲ್ಲರೆ ಚಿತ್ರ. ಈಗ ತೆಳು ಸ್ಲೈಸುಗಳು, ಅಂದರೆ ದೇಹದ ಅಡ್ಡ ಪದರಗಳ ಚಿತ್ರಗಳು, ನೂರಾರು. 512ಕ್ಕೆ 512 ಪಿಕ್ಸೆಲ್‌ನ ಒಂದು ಸ್ಲೈಸ್ ಅರ್ಧ ಎಂಬಿ. 600 ಸ್ಲೈಸಾದರೆ 300 ಎಂಬಿ. 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; ಎಂಟು ಬಿಟ್ಟಿಗೆ ಒಂದು ಬೈಟ್) ಲೈನಿನಲ್ಲಿ ಅದು ಅರ್ಧ ನಿಮಿಷದೊಳಗೆ ಬರುತ್ತದೆ, 10ರ ಲೈನಿನಲ್ಲಿ 4 ನಿಮಿಷ ಬೇಕು. ತಂತಿಯ ವೇಗವನ್ನು ಹೀಗೆ ಲೆಕ್ಕ ಹಾಕಿ ಹೆಚ್ಚಿಸಬಹುದು. ನನ್ನ ಕಣ್ಣುಗಳನ್ನು ಅಪ್‌ಗ್ರೇಡ್ ಮಾಡುವವರು ಇನ್ನೂ ಬಂದಿಲ್ಲ.

ಪ್ಯಾಕ್ಸ್‌ನ ನಿಜವಾದ ಉಪಕಾರ, ನನ್ನ ಮಟ್ಟಿಗೆ, ಅದು ಬರೆದಿಡುವ ಗಂಟೆ-ನಿಮಿಷ. ಸ್ಕ್ಯಾನ್ ಮುಗಿದದ್ದು ಯಾವಾಗ, ನಾನು ತೆರೆದದ್ದು ಯಾವಾಗ, ಸಹಿಯಾದದ್ದು ಯಾವಾಗ, ಎಲ್ಲ ಅಲ್ಲಿರುತ್ತದೆ. ಒಮ್ಮೆ ಕೂತು ನಮ್ಮದನ್ನು ನೋಡಿದೆ. ಓದುವುದಕ್ಕಿಂತ ಹೆಚ್ಚು ಹೊತ್ತು ಚಿತ್ರಗಳು ಸುಮ್ಮನೆ ಸಾಲಿನಲ್ಲಿ ಕಾಯುತ್ತಿದ್ದವು. ಕಾರಣಗಳು ಸಣ್ಣ ಸಣ್ಣವು. ಚೀಟಿಯಲ್ಲಿ 'ಹೊಟ್ಟೆ ನೋವು' ಎಂದಷ್ಟೇ ಬರೆದಿರುತ್ತದೆ. ಎಷ್ಟು ದಿನದಿಂದ, ಜ್ವರ ಉಂಟಾ, ಆಪರೇಶನ್ ಆಗಿದೆಯಾ ಎಂದು ಕೇಳಲು ವಾರ್ಡಿಗೆ ಫೋನ್ ಮಾಡಬೇಕು. ಒಬ್ಬರೇ ರೋಗಿಗೆ ಎರಡು ನಂಬರ್ ಕೊಟ್ಟಿದ್ದರೆ ಹಳೆಯ ಸ್ಕ್ಯಾನ್ ಪರದೆಯ ಮೇಲೆ ಬರುವುದೇ ಇಲ್ಲ. ಫಿಲ್ಮ್ ಕಳೆದಂತೆಯೇ ಅದು, ಆದರೆ ಕಳೆದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸಾಲಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಬಂದ ಕ್ರಮದಲ್ಲೇ ಓದಿದರೆ ಬೆಳಿಗ್ಗೆಯ ಮೊಣಕಾಲು ನೋವಿನ ಹಿಂದೆ ಪಾರ್ಶ್ವವಾಯುವಿನ ತಲೆ ಸಿಟಿ ಕೂತಿರುತ್ತದೆ. ರಕ್ತದ ಹೆಪ್ಪು ಕರಗಿಸುವ ಮದ್ದು ಕೊಡಲು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ನಿರ್ಧಾರವಾಗಬೇಕು. ಅದಕ್ಕೂ ಮೊದಲು ತಲೆಯಲ್ಲಿ ರಕ್ತಸ್ರಾವ ಇಲ್ಲವೆಂದು ಸಿಟಿ ಹೇಳಬೇಕು. ರೋಗಿ ಸುಳ್ಯದಿಂದಲೋ ಕುಂದಾಪುರದಿಂದಲೋ ಬರುವಷ್ಟರಲ್ಲಿ ಒಂದೆರಡು ಗಂಟೆ ದಾರಿಯಲ್ಲೇ ಕಳೆದಿರುತ್ತದೆ. ಈಗ ಅಂಥವಕ್ಕೆ ಕೆಂಪು ಗುರುತು ಹಾಕುತ್ತೇವೆ. ಟೆಕ್ನಿಷಿಯನ್ ಫೋನೂ ಮಾಡುತ್ತಾನೆ. ಕೆಂಪು ಗುರುತನ್ನು ಎಲ್ಲದಕ್ಕೂ ಒತ್ತುವ ಡಾಕ್ಟರುಗಳೂ ಇದ್ದಾರೆ ಬಿಡಿ.

ಅಜ್ಜನ ವಿಷಯಕ್ಕೆ ಬರುತ್ತೇನೆ. ಬಲ ಶ್ವಾಸಕೋಶದಲ್ಲಿ 6 ಮಿ.ಮೀ.ನ ಒಂದು ಗಂಟು. ಈಗ ಬಂದದ್ದೇ, ಹಳೆಯದೇ? ಬೇರೊಂದು ಆಸ್ಪತ್ರೆಯಲ್ಲಿ ಮೂರು ವರ್ಷದ ಹಿಂದೆ ಸ್ಕ್ಯಾನ್ ಆಗಿತ್ತೆಂದು ಮೊಮ್ಮಗ ಹೇಳಿದ. ಅದರ ಸಿಡಿ ಮನೆಯ ಕಪಾಟಿನಲ್ಲಿ. ನಮ್ಮ ಪ್ಯಾಕ್ಸ್‌ಗೆ ಆ ಕಪಾಟು ಕಾಣುವುದಿಲ್ಲ. ಅವನು ಬಸ್ಸಿನಲ್ಲಿ ಹೋಗಿ ಅದನ್ನು ತಂದಾಗ ನಾಲ್ಕು ಗಂಟೆ. ಸಿಡಿ ಒಂದು ಕಂಪ್ಯೂಟರಿನಲ್ಲಿ ತೆರೆಯಲಿಲ್ಲ, ಇನ್ನೊಂದರಲ್ಲಿ ತೆರೆಯಿತು. ಗಂಟು ಅಲ್ಲೂ ಇತ್ತು, ಅಷ್ಟೇ ದೊಡ್ಡದು. ಘನವಾದ ಗಂಟು ಎರಡು ವರ್ಷ ಬೆಳೆಯದಿದ್ದರೆ ಸಾಮಾನ್ಯವಾಗಿ ಹೆದರಬೇಕಾದ್ದಿಲ್ಲ.

4.20ಕ್ಕೆ ಸಹಿ ಹಾಕಿದೆ. ಪ್ಯಾಕ್ಸ್‌ನ ಪಟ್ಟಿಯಲ್ಲಿ ಅದು ಆ ದಿನದ ಅತಿ ತಡವಾದ ರಿಪೋರ್ಟ್.