ಬೆಂಕಿಯ ನಂತರದ ಮೈಸೂರು: ಕಟ್ಟಡ ನೋಡಲು ಹೊರಟವರಿಗೆ

ಇಪ್ಪತ್ತನೆಯ ಶತಮಾನದ ಆರಂಭದ ಮೈಸೂರು ಕಟ್ಟಡಗಳನ್ನು ಓದಲು ನಾನು ಸ್ವಲ್ಪ ಹಿಂದಕ್ಕೆ, 1897ಕ್ಕೆ ಹೋಗುತ್ತೇನೆ. ಆ ವರ್ಷ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಹೊಸ ಅರಮನೆಯ ವಿನ್ಯಾಸವನ್ನು ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ವಹಿಸಿದರು. ಶಿಮ್ಲಾದ ವೈಸರಾಯ್ ನಿವಾಸವೂ ಇವರದೇ ಕೈಚಳಕ. ಕೆಲಸ ಮುಗಿದದ್ದು 1912ರಲ್ಲಿ, ಖರ್ಚು 41 ಲಕ್ಷ ರೂಪಾಯಿ ಚಿಲ್ಲರೆ.

ಪರೀಕ್ಷೆಯಲ್ಲಿ ಈ ಅರಮನೆಯದು ‘ಇಂಡೋ-ಸಾರಸೆನಿಕ್ ಶೈಲಿ’, ಅಂದರೆ ಹಿಂದೂ, ಇಸ್ಲಾಮಿಕ್, ಯುರೋಪಿಯನ್ ಶೈಲಿಗಳ ಬೆರಕೆ, ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಗುಮ್ಮಟಗಳನ್ನೂ ಕಮಾನುಗಳನ್ನೂ ನೋಡಿದರೆ ಅದು ತಪ್ಪಲ್ಲ. ಆದರೆ ಇದು ಬೆಂಕಿಯ ಬಿಸಿ ಉಂಡವರು ಕಟ್ಟಿಸಿದ ಮನೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಅದಕ್ಕೆ ಕಲ್ಯಾಣ ಮಂಟಪದೊಳಗೇ ಹೋಗಿ ನಿಲ್ಲಬೇಕು. ಅಷ್ಟಕೋನದ ಆ ಸಭಾಂಗಣದ ಕಂಬಗಳು ಮರದಂತೆ ಹೊತ್ತಿ ಉರಿಯದ ಎರಕದ ಕಬ್ಬಿಣದವು, ಗ್ಲಾಸ್ಗೋದಲ್ಲಿ ತಯಾರಾಗಿ ಬಂದವು. ಕಲ್ಲಿನ ಕಂಬ ಅಷ್ಟು ಎತ್ತರಕ್ಕೆ ಏರಬೇಕಾದರೆ ದಪ್ಪವಾಗಲೇಬೇಕು. ಕಬ್ಬಿಣಕ್ಕೆ ಆ ಕಟ್ಟುಪಾಡಿಲ್ಲ. ಹಾಗಾಗಿಯೇ ಕಂಬಗಳು ಸಪೂರವಾಗಿವೆ, ಮೇಲೆ ಕಬ್ಬಿಣದ ಚೌಕಟ್ಟಿನ ನಡುವೆ ಬಣ್ಣದ ಗಾಜಿನ ನವಿಲುಗಳು ಕೂತಿವೆ, ಹಗಲು ಬೆಳಕು ನೇರ ಕೆಳಗಿಳಿಯುತ್ತದೆ. ಹಾಗೆಂದು ಮರವನ್ನು ಪೂರ್ತಿ ಬಿಡಲಿಲ್ಲ. ಅರಮನೆಯ ಖಾಸಗಿ ದರ್ಬಾರು ಸಭಾಂಗಣವಾದ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತದ ಕುಸುರಿ ಇದೆ. ವ್ಯತ್ಯಾಸ ಇಷ್ಟೇ: ಆ ಬಾಗಿಲು ಅಂದಕ್ಕೆ, ಭಾರ ಹೊರುವುದಕ್ಕಲ್ಲ. ಟಿಪ್ಪಣಿ ಪುಸ್ತಕದಲ್ಲಿ ನಾನು ಕೆಂಪು ಗೆರೆ ಎಳೆದುಕೊಂಡದ್ದು ಈ ಒಂದು ಮಾತಿಗೆ.

ಊರಿನ ಉಳಿದ ಕಟ್ಟಡಗಳು ಬೇರೆ ಜಾತಿಯವು. 1921ರಲ್ಲಿ ಆರಂಭವಾದ ಲಲಿತಮಹಲ್ ವೈಸರಾಯ್ ಅತಿಥಿಗಳಿಗೆಂದು ಕಟ್ಟಿದ್ದು, ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲೆ. ಅದರ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುತ್ತದೆ, ಅರಮನೆಯ ನೆರಳೂ ಅದರ ಮೇಲೆ ಬಿದ್ದಿಲ್ಲ. 1933ರಲ್ಲಿ ಅಡಿಗಲ್ಲು ಬಿದ್ದ ಸಂತ ಫಿಲೋಮಿನಾ ಚರ್ಚಿನದು ಚೂಪು ಕಮಾನುಗಳ ಯುರೋಪಿನ ಗೋಥಿಕ್ ಮಾದರಿ, 175 ಅಡಿಯ ಜೋಡಿ ಶಿಖರ. ಇವೆರಡನ್ನೂ ಅರಮನೆಯ ಜೊತೆ ಒಂದೇ ಶೈಲಿಯ ಪಟ್ಟಿಗೆ ಸೇರಿಸಿದರೆ ಅಂಕ ಹೋಗುವುದು ಖಂಡಿತ.

ನನಗೆ ಇಷ್ಟವಾದದ್ದು ಮಾತ್ರ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ 75 ಅಡಿ ಗೋಪುರ ಅದು. ಗಡಿಯಾರದ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಬೆಳಗ್ಗೆ ತರಗತಿಗೆ ಓಡುವಾಗ ತಲೆ ಎತ್ತಿದರೆ ಮುಳ್ಳು ತೋರಿಸುವುದು ೧೦ನ್ನು.