ಕುದುರೆ ಮರಿಯ ಕಾಲು ಮುರಿದರೆ ಆಪರೇಷನ್ ಇಲ್ಲದೆ ಕೂಡುತ್ತದೆಯೇ?

ಪ್ರಶ್ನೆ: ಆರು ವಾರದ ಮರಿ. ಮುಂಗಾಲಿನ ಗೊರಸಿನ ಮೇಲಿನ ಕೀಲು ಊದಿಕೊಂಡಿತ್ತು. ಎಕ್ಸ್‌ರೇ ತೆಗೆಸಿದಾಗ ಸೆಸಮಾಯ್ಡ್ ಮೂಳೆಯ ಮೇಲ್ತುದಿ ಮುರಿದಿದೆ, ತುಂಡು ಹೆಚ್ಚು ಸರಿದಿಲ್ಲ ಎಂದರು. ಕುದುರೆಯ ಕಾಲು ಮುರಿದರೆ ಮುಗಿಯಿತು, ಇಂಜೆಕ್ಷನ್ ಕೊಡಿಸಿಬಿಡಿ ಎಂದು ಊರೆಲ್ಲ ಹೇಳುತ್ತಿದೆ. ಆಪರೇಷನ್ ಮಾಡಿಸುವ ಶಕ್ತಿ ನನಗಿಲ್ಲ. ಏನು ಮಾಡಲಿ ಡಾಕ್ಟರೇ?

ಉತ್ತರ: ಮರಿಯನ್ನು ಉಳಿಸಿಕೊಳ್ಳಿ. ಗೊರಸಿನ ಮೇಲಿನ ಕೀಲಿನ ಹಿಂಬದಿಯಲ್ಲಿ ಜೋಡಿಯಾಗಿ ಕೂತಿರುವ ಪುಟ್ಟ ಮೂಳೆಗಳೇ ಸೆಸಮಾಯ್ಡ್. ಎಳ್ಳಿನ ಕಾಳಿಗೆ ಹೋಲಿಸಿ ಇಟ್ಟ ಹೆಸರು. ಎಳೆಯ ಮರಿಗಳಲ್ಲಿ ಇವು ಮುರಿಯುವುದು ಅಪರೂಪವಲ್ಲ. ತುಂಡು ದೂರ ಸರಿಯದಿದ್ದರೆ ಆಪರೇಷನ್ನೂ ಬೇಡ, ಪ್ಲಾಸ್ಟರೂ ಬೇಡ. ಚಿಕ್ಕ ಲಾಯ, ಜಾರದ ನೆಲ, ದಪ್ಪನೆಯ ಒಣಹುಲ್ಲಿನ ಹಾಸು, ಆರರಿಂದ ಎಂಟು ವಾರಗಳ ತಾಳ್ಮೆ, ನಡುವೆ ಮತ್ತೊಂದು ಎಕ್ಸ್‌ರೇ. ಇಷ್ಟು ಸಾಕು.

ಇನ್ನು ಊರಿನ ಮಾತು. ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಇರುವ ನಾಡು ನಮ್ಮದು. ಇಲ್ಲಿಯೂ "ಕುದುರೆಯ ಮೂಳೆ ಕೂಡುವುದೇ ಇಲ್ಲ, ಅದಕ್ಕೇ ಗುಂಡು ಹಾಕುತ್ತಾರೆ" ಎನ್ನುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಕೂಡುತ್ತದೆ. ಹಸುವಿನದು, ನಾಯಿಯದು, ನಮ್ಮದು ಕೂಡುವ ಹಾಗೆಯೇ ಕುದುರೆಯ ಮೂಳೆಯೂ ಕೂಡುತ್ತದೆ. ತೊಂದರೆ ಇರುವುದು ಕೂಡುವವರೆಗೆ ಆ ಪ್ರಾಣಿಯನ್ನು ಉಳಿಸಿಕೊಳ್ಳುವುದರಲ್ಲಿ. ದೊಡ್ಡ ಕುದುರೆ ಸುಮಾರು ಐನೂರು ಕಿಲೋ ತೂಗುತ್ತದೆ; ದಿನದ ಬಹುಪಾಲು ನಿಂತೇ ಕಳೆಯುತ್ತದೆ, ನಿಂತೇ ತೂಕಡಿಸುತ್ತದೆ. ಮುಂಗಾಲಿನ ಮೊಣಕಾಲಿನಿಂದ ಕೆಳಗೆ ಕೈಯಾಡಿಸಿ ನೋಡಿ, ಮಾಂಸವೇ ಸಿಗುವುದಿಲ್ಲ. ಚರ್ಮ, ಹುರಿಯಂಥ ಸ್ನಾಯುರಜ್ಜು, ಅದರಡಿ ನೇರವಾಗಿ ಮೂಳೆ. ಮುರಿದ ತುದಿ ಚರ್ಮ ಸೀಳಿ ಹೊರಬರಲು ಹೆಚ್ಚು ಹೊತ್ತು ಬೇಕಿಲ್ಲ. ಅದನ್ನು ದಾಟಿದರೂ, ಮುರಿದ ಕಾಲನ್ನು ಎತ್ತಿ ಹಿಡಿದು ವಾರಗಟ್ಟಲೆ ನಿಂತರೆ ಭಾರವೆಲ್ಲ ಜೊತೆಯ ಕಾಲಿನ ಮೇಲೆ ಬೀಳುತ್ತದೆ. ಗೊರಸನ್ನೂ ಒಳಗಿನ ಮೂಳೆಯನ್ನೂ ಬೆಸೆದ ಪದರ ಬಿಟ್ಟುಕೊಳ್ಳುತ್ತದೆ. ಇದೇ ಲ್ಯಾಮಿನೈಟಿಸ್.

ಅಮೆರಿಕದ ಬಾರ್ಬರೋ ಎಂಬ ಕುದುರೆಯ ಕಥೆಯನ್ನು ಎಲ್ಲರೂ ತಪ್ಪಾಗಿಯೇ ನೆನಪಿಟ್ಟುಕೊಂಡಿದ್ದಾರೆ. 2006ರ ಮೇ ತಿಂಗಳಲ್ಲಿ ಪ್ರೀಕ್‌ನೆಸ್ ಪಂದ್ಯದಲ್ಲಿ ಅದರ ಬಲ ಹಿಂಗಾಲು ಮುರಿಯಿತು. ಲೋಹದ ಪಟ್ಟಿ, ಸ್ಕ್ರೂ ಹಾಕಿ ಜೋಡಿಸಿದರು, ಮೂಳೆ ಬಹುಮಟ್ಟಿಗೆ ಕೂಡಿಕೊಂಡಿತು. ಆದರೆ ಜುಲೈ ಹೊತ್ತಿಗೆ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು, ಕೊನೆಗೆ ಮುಂಗಾಲುಗಳಿಗೂ ಹಬ್ಬಿತು. 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು. ಮುರಿದ ಕಾಲು ಕೂಡುತ್ತಿತ್ತು. ಪ್ರಾಣ ತೆಗೆದದ್ದು ಮುರಿಯದ ಕಾಲುಗಳು.

ಈ ಲೆಕ್ಕವನ್ನು ಮರಿಗೆ ಹಚ್ಚಬೇಡಿ. ಹುಟ್ಟುವಾಗ ಅದು ತಾಯಿಯ ತೂಕದ ಹತ್ತನೇ ಒಂದು ಪಾಲು. ಎಳೆಯ ಮರಿ ದಿನದಲ್ಲಿ ಎಷ್ಟೋ ಹೊತ್ತು ಕಾಲು ಚಾಚಿ ಮಲಗಿಯೇ ಇರುತ್ತದೆ. ಬೆಳೆಯುವ ಮೂಳೆ ಬೇಗ ಕೂಡುತ್ತದೆ. ಮರಿಗೆ ಲ್ಯಾಮಿನೈಟಿಸ್‌ನ ಭಯ ಕಡಿಮೆ. ಬದಲಿಗೆ ಜೊತೆಯ ಕಾಲು ಭಾರಕ್ಕೆ ಬಾಗತೊಡಗುತ್ತದೆ. ಆದ್ದರಿಂದ ಮುರಿದ ಕಾಲಿನಷ್ಟೇ ಗಮನವಿಟ್ಟು ಇನ್ನೊಂದು ಕಾಲನ್ನು ದಿನವೂ ಎದುರಿನಿಂದ ನೋಡಿ.

"ಹಾಗಾದರೆ ಭದ್ರವಾಗಿ ದಬ್ಬೆ ಕಟ್ಟಿಬಿಡೋಣ" ಎನ್ನುತ್ತೀರಿ. ಈ ಮುರಿತಕ್ಕೆ ಬೇಡ. ಮರಿಯ ಕಾಲನ್ನು ಕೆಲವು ವಾರ ಬಿಗಿದಿಟ್ಟರೆ ಸ್ನಾಯುರಜ್ಜು ಸಡಿಲವಾಗಿ, ಕಟ್ಟು ಬಿಚ್ಚಿದ ದಿನ ಕೀಲು ನೆಲಕ್ಕೆ ಕುಸಿಯುತ್ತದೆ. ತಾಯಿ ತುಳಿದು ಮುಂಗಾಲಿನ ನಳಿಗೆ ಮೂಳೆ, ಅಂದರೆ ಮೊಣಕಾಲಿನ ಕೆಳಗಿನ ಉದ್ದನೆಯ ಮೂಳೆ, ಮುರಿದಿದ್ದರೆ ಮಾತು ಬೇರೆ. ಆಗ ಪ್ಲಾಸ್ಟರ್ ಬೇಕಾಗಬಹುದು. ಆದರೆ ಮರಿ ಬೆಳೆಯುತ್ತಿರುತ್ತದೆ, ಪ್ಲಾಸ್ಟರ್ ಬೆಳೆಯುವುದಿಲ್ಲ. ಹತ್ತು ಹದಿನಾಲ್ಕು ದಿನಕ್ಕೊಮ್ಮೆ ಬದಲಿಸಲೇಬೇಕು. ಬೆಳಿಗ್ಗೆ ಸಂಜೆ ಅಂಗೈಯನ್ನು ಅದರ ಮೇಲೆ ಮೇಲಿನಿಂದ ಕೆಳಗೆ ಸರಿಸಿ. ಒಂದೇ ಜಾಗ ಬೆಚ್ಚಗಿದ್ದರೆ, ಅಲ್ಲಿಯೇ ನೊಣ ಮುತ್ತುತ್ತಿದ್ದರೆ ಒಳಗೆ ಹುಣ್ಣಾಗಿದೆ ಎಂದರ್ಥ. ಮರುದಿನಕ್ಕೆ ಕಾಯದೆ ವೈದ್ಯರನ್ನು ಕರೆಸಿ.

ಮೂಳೆ ಚರ್ಮ ಸೀಳಿ ಬಂದಿದ್ದರೆ, ಅಥವಾ ತೊಡೆಯ ಮೂಳೆ ಮುರಿದು ಸರಿದಿದ್ದರೆ ನಾನು ಹೀಗೆ ಭರವಸೆ ಕೊಡುವುದಿಲ್ಲ. ಮುರಿತದ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಹಿಡಿದಿಟ್ಟರೆ ಮಾತ್ರ ಪ್ಲಾಸ್ಟರ್‌ನಿಂದ ಪ್ರಯೋಜನ. ತೊಡೆಯಲ್ಲಿ ಅದು ಆಗದ ಕೆಲಸ. ಅರ್ಧಕ್ಕೆ ನಿಂತ ಪ್ಲಾಸ್ಟರ್ ಗಡಿಯಾರದ ಲೋಲಕದ ಹಾಗೆ ತೂಗಿ ಮುರಿತವನ್ನು ಇನ್ನಷ್ಟು ಕೆಡಿಸುತ್ತದೆ.

ನೋವಿನ ಔಷಧಿಯನ್ನು ದೊಡ್ಡ ಕುದುರೆಯ ಅಳತೆಯಲ್ಲಿ ಕೊಡಬೇಡಿ; ಮರಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ತಾಯಿಯ ಬಗ್ಗೆ ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಆದರೆ ಈ ಮುರಿತ ಎಷ್ಟೋ ಬಾರಿ ಶುರುವಾಗುವುದೇ ಅವಳಿಂದ. ಕೆಲವು ದಿನ ಲಾಯದಲ್ಲಿ ಕೂಡಿಟ್ಟ ತಾಯಿಯನ್ನು ಒಮ್ಮೆಲೇ ಬಯಲಿಗೆ ಬಿಟ್ಟರೆ ಅವಳು ಹುರುಪಿನಿಂದ ನಾಗಾಲೋಟ ಹೊಡೆಯುತ್ತಾಳೆ. ಮರಿ ಬಿಟ್ಟಿರಲಾರದೆ ದಣಿದರೂ ಹಿಂದೆ ಓಡುತ್ತದೆ. ದಣಿದ ಸ್ನಾಯು ಕೀಲನ್ನು ಹಿಡಿದಿಡಲಾರದೆ, ಜಗ್ಗಾಟವೆಲ್ಲ ಆ ಎಳ್ಳಿನ ಹೆಸರಿನ ಮೂಳೆಯ ಮೇಲೆ ಬೀಳುತ್ತದೆ. ಈಗ ಮರಿಯ ಜೊತೆ ಅವಳೂ ಲಾಯದಲ್ಲೇ ಇರಬೇಕು. ಹುರುಳಿ, ಓಟ್ಸ್ ಸ್ವಲ್ಪ ತಗ್ಗಿಸಿ, ಹುಲ್ಲು ಧಾರಾಳವಾಗಿ ಹಾಕಿ, ಹಾಲು ಕಡಿಮೆಯಾಗದಂತೆ ನೋಡಿಕೊಳ್ಳಿ. ಎಕ್ಸ್‌ರೇ ನೋಡಿ ವೈದ್ಯರು ಒಪ್ಪಿದ ಮೇಲೂ ಮೊದಲ ವಾರ ಚಿಕ್ಕ ಅಂಗಳದಲ್ಲಿ ತಾಯಿಯ ಹಗ್ಗ ನಿಮ್ಮ ಕೈಯಲ್ಲೇ ಇರಲಿ. ಅವಳು ನಡೆದರೆ ಮರಿಯೂ ನಡೆಯುತ್ತದೆ.