ಕೂನೂರು ನಿಲ್ದಾಣ: ರೈಲು ಇಲ್ಲಿ ಹಿಂದಕ್ಕೆ ಯಾಕೆ ಸರಿಯುತ್ತದೆ?

ನೀಲಗಿರಿ ರೈಲಿನ ಇತಿಹಾಸವನ್ನು ಎಲ್ಲರೂ ಊಟಿಯಿಂದ ಶುರು ಮಾಡುತ್ತಾರೆ. ಕೂನೂರಿನಿಂದ ಓದಿ ನೋಡಿ, ಅರ್ಧ ಕಥೆ ಹಳಿಯಲ್ಲೇ ಸಿಗುತ್ತದೆ.

ಬೆಟ್ಟದ ಬುಡದ ಮೆಟ್ಟುಪಾಳ್ಯದಿಂದ ಏದುಸಿರು ಬಿಡುತ್ತಾ ಬಂದ ಗಾಡಿ ಇಲ್ಲಿಂದ ಊಟಿಗೆ ನೆಟ್ಟಗೆ ಹೊರಡುವುದಿಲ್ಲ. ಬಂದ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆ ಸರಿದು, ಆಮೇಲೆ ಬೇರೆ ಹಳಿ ಹಿಡಿದು ಮೇಲೇರುತ್ತದೆ. ಕಾರಣ ಇಷ್ಟೇ: 1899ರ ಜೂನ್‌ನಲ್ಲಿ ಮಾರ್ಗ ತೆರೆದಾಗ ಕೂನೂರೇ ಕೊನೆ. ಊಟಿಯವರೆಗಿನ ಹಳಿ ಬಂದದ್ದು 1908ರಲ್ಲಿ, ಅದನ್ನು ನಿಲ್ದಾಣದ ಹೊರಗಿಂದ ಕವಲೊಡೆಸಿದರು. ಒಂಬತ್ತು ವರ್ಷದ ಆ ಅಂತರ ಇವತ್ತಿಗೂ ಗಾಡಿಯ ನಡೆಯಲ್ಲಿ ಉಳಿದಿದೆ.

ಅದಕ್ಕೂ ಹಿಂದಿನ ಕಥೆ ಬರೀ ತಡವರಿಕೆ. 1854ರಲ್ಲೇ ಪ್ರಸ್ತಾಪ ಬಂದಿತ್ತು. 1891ರಲ್ಲಿ ಕೆಲಸ ಶುರುವಾಯಿತು, ಮೂರೇ ವರ್ಷಕ್ಕೆ ಕಂಪನಿ ದಿವಾಳಿಯೆದ್ದಿತು, ಹೊಸ ಕಂಪನಿ ಬಂದು ಕೆಲಸ ಮುಗಿಸಬೇಕಾಯಿತು. ಬೆಟ್ಟ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಗಡಿಯೂ ಕೂನೂರಿನಲ್ಲೇ ಇದೆ. ಕೆಳಗಿನ ಕಲ್ಲಾರ್ ನಿಲ್ದಾಣದಿಂದ ಇಲ್ಲಿವರೆಗೆ ಏರು ಸುಮಾರು 12 ಅಡಿಗೆ 1 ಅಡಿ. ಬರೀ ಚಕ್ರ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಹಾಕಿದ್ದಾರೆ. ಸ್ವಿಸ್ ಎಂಜಿನಿಯರ್ ಆಬ್ಟ್ ರೂಪಿಸಿದ ವ್ಯವಸ್ಥೆ ಇದು: ಅಕ್ಕಪಕ್ಕ ಎರಡು ಪಟ್ಟಿ, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿ. ಎಂಜಿನ್ನಿನ ಹಲ್ಲುಗಾಲಿ ಒಂದನ್ನು ಬಿಡುವಾಗ ಇನ್ನೊಂದನ್ನು ಕಚ್ಚಿಕೊಂಡಿರುತ್ತದೆ. ಉಗಿಯ ಲೆಕ್ಕ ನನಗೆ ಬಹಳ ಇಷ್ಟ. ಮಾಮೂಲಿ ಚಕ್ರ ತಿರುಗಿಸಿದ ಉಗಿಯನ್ನು ಹೊರಗೆ ಬಿಡದೆ, ಅದರಿಂದಲೇ ಹಲ್ಲುಗಾಲಿಯನ್ನೂ ತಿರುಗಿಸುತ್ತಾರೆ!

ಎಂಜಿನ್ ಗಾಡಿಯ ಕೆಳತುದಿಯಲ್ಲಿ ನಿಂತು ತಳ್ಳುತ್ತದೆ, ಎಳೆಯುವುದಿಲ್ಲ. ಕೊಂಡಿ ಕಳಚಿದರೂ ಬೋಗಿಗಳು ಕಣಿವೆಗೆ ಉರುಳಬಾರದಲ್ಲ. ಕೂನೂರು ದಾಟಿದ ಮೇಲೆ ಏರು ಅರ್ಧಕ್ಕಿಳಿಯುತ್ತದೆ, ಹಲ್ಲಿನ ಪಟ್ಟಿ ಬೇಕಾಗುವುದಿಲ್ಲ, ಡೀಸೆಲ್ ಎಂಜಿನ್ ಸಾಕು.

ಪರೀಕ್ಷೆಯಲ್ಲಿ ಎಡವುವ ಜಾಗ: ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ 1999ರಲ್ಲಿ ಸೇರಿದ್ದು ಡಾರ್ಜಿಲಿಂಗ್ ರೈಲು, ನೀಲಗಿರಿ ಸೇರಿದ್ದು 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ. ಮೂರರಲ್ಲಿ ಹಲ್ಲಿನ ಹಳಿ ಇರುವುದು ನೀಲಗಿರಿಗೆ ಮಾತ್ರ. ಡಾರ್ಜಿಲಿಂಗ್‌ನದು ಎರಡಡಿ ಅಗಲದ ಹಳಿ, ನೀಲಗಿರಿಯದು ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿ. ನಾನು ಇವೆರಡನ್ನು ಒಮ್ಮೆ ಅದಲು ಬದಲು ಬರೆದು ಅಂಕ ಕಳೆದುಕೊಂಡಿದ್ದೇನೆ.